ಕಾಸು ನುಂಗಿದ ದಿಬ್ಬ: ಡೋವರ್ ಬಂದರಿಗೆ ಮರಳು ಬೇಕಿತ್ತು, ಊರವರು ಯಾಕೆ ಬೇಡ ಅಂದರು?

1809ರ ಜನವರಿ. ಅಡ್ಮಿರಲ್ ಗಾರ್ಡನರ್ ಎಂಬ ಹಡಗು ಇಂಗ್ಲೆಂಡಿನಿಂದ ಮದರಾಸಿನ ಕಡೆ ಹೊರಟಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗು. ಒಳಗೆ ಪೀಪಾಯಿಗಟ್ಟಲೆ ತಾಮ್ರದ ನಾಣ್ಯ. ಹತ್ತು ಕಾಸಿನವು, ಇಪ್ಪತ್ತು ಕಾಸಿನವು. ಹೌದು, 'ಕೈಯಲ್ಲಿ ಕಾಸಿಲ್ಲ' ಅನ್ನುತ್ತೇವಲ್ಲ, ಅದೇ ಕಾಸು. ಮದರಾಸಿನ ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಬೇಕಿದ್ದ ಆ ಚಿಲ್ಲರೆ ಇಂಗ್ಲೆಂಡಿನ ತೀರವನ್ನೇ ದಾಟಲಿಲ್ಲ. ಕೆಂಟ್ ಕರಾವಳಿಯ ಎದುರು ಬಿರುಗಾಳಿಗೆ ಸಿಕ್ಕಿ ಹಡಗು ಮರಳುದಿಬ್ಬವೊಂದಕ್ಕೆ ಬಡಿದು ಒಡೆಯಿತು. 1980ರ ದಶಕದಲ್ಲಿ ಮುಳುಗುಗಾರರು ಅಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ನಾಣ್ಯ ಮೇಲೆತ್ತಿದರು.

ಆ ದಿಬ್ಬದ ಹೆಸರು ಗುಡ್ವಿನ್ ಸ್ಯಾಂಡ್ಸ್. 2016ರಲ್ಲಿ ಅದೇ ಕೆಂಟ್ ಕರಾವಳಿಯ ಡೋವರ್ ಬಂದರು ಮಂಡಳಿ ಅದೇ ದಿಬ್ಬದಿಂದ ಲಕ್ಷಗಟ್ಟಲೆ ಘನ ಮೀಟರ್ ಮರಳು ಎತ್ತಲು ಅರ್ಜಿ ಹಾಕಿತು. ಬಂದರು ವಿಸ್ತರಣೆಗೆ ಮರಳು ಬೇಕಿತ್ತು. ಕರಾವಳಿಯ ಜನ ಎದ್ದು ನಿಂತರು. ಅರ್ಜಿ, ಸಹಿ ಸಂಗ್ರಹ, ಪರವಾನಗಿ, ಕೋರ್ಟು ಅಂತ ವರ್ಷಗಟ್ಟಲೆ ಜಗಳ ನಡೆಯಿತು.

ಒಂದು ಮೂಲೆಯ ಜಗಳ ಅಂತ ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಬಂದರು, ಮರಳು, ಊರು ಈ ಮೂರೂ ಸೇರುವ ಕಡೆಯೆಲ್ಲ ಜಗಳ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ. ಕಚೇರಿ ಕೇಳುವ ಪ್ರಶ್ನೆ ಒಂದು, ಊರು ಕೇಳುವ ಪ್ರಶ್ನೆ ಇನ್ನೊಂದು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ.

ದಿಬ್ಬ ಅಂದರೆ ಏನು?

ಡೀಲ್ ಎಂಬ ಪಟ್ಟಣದ ದಂಡೆಯಿಂದ ಸುಮಾರು 10 ಕಿ.ಮೀ. ಆಚೆ, ಕಡಲೊಳಗೆ, ಸುಮಾರು 16 ಕಿ.ಮೀ. ಉದ್ದಕ್ಕೆ ಈ ದಿಬ್ಬ ಮಲಗಿದೆ. ಕೆಳಗೆ ಸೀಮೆಸುಣ್ಣದ ಬಂಡೆ. ಅದರ ಮೇಲೆ ಸುಮಾರು 25 ಮೀಟರ್ ದಪ್ಪ ಮರಳು. ಭರತದ ಹೊತ್ತಿನಲ್ಲಿ ಏನೂ ಕಾಣುವುದಿಲ್ಲ, ಬರೀ ಅಲೆ. ಇಳಿತದಲ್ಲಿ ಅಲ್ಲಲ್ಲಿ ಬೆನ್ನು ಮೇಲೆ ಬರುತ್ತದೆ. ಆಗ ಅದು ಗಟ್ಟಿ ನೆಲ. ಎಷ್ಟು ಗಟ್ಟಿ ಅಂದರೆ 19ನೇ ಶತಮಾನದಿಂದಲೂ ಜನ ದೋಣಿ ಹತ್ತಿ ಅಲ್ಲಿಗೆ ಹೋಗಿ ಕ್ರಿಕೆಟ್ ಆಡಿ ಬಂದಿದ್ದಾರೆ. ನೀರು ಏರತೊಡಗಿದರೆ ಅದೇ ನೆಲ ಸಡಿಲವಾಗಿ ಕಾಲು ಹಿಡಿಯುತ್ತದೆ. 2006ರಲ್ಲಿ ಒಂದು ಟಿವಿ ತಂಡ ಹಳೆಯ ಆಟವನ್ನು ಮತ್ತೆ ಆಡಿ ತೋರಿಸಲು ಹೋಗಿ, ಕೊನೆಗೆ ಲೈಫ್‌ಬೋಟಿನವರು ಅವರನ್ನು ಎತ್ತಿಕೊಂಡು ಬರಬೇಕಾಯಿತು.

ಇಲ್ಲಿ 2000ಕ್ಕೂ ಹೆಚ್ಚು ಹಡಗು ಮುಳುಗಿರಬೇಕು ಎಂಬ ಅಂದಾಜಿದೆ. 'ಹಡಗು ನುಂಗಿ' ಎಂಬ ಅಡ್ಡಹೆಸರು ಸುಮ್ನೆ ಬಂದದ್ದಲ್ಲ. 1703ರ ನವೆಂಬರಿನ ಮಹಾ ಬಿರುಗಾಳಿಯಲ್ಲಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗು, ಸಾವಿರಕ್ಕೂ ಹೆಚ್ಚು ಜನ ಇಲ್ಲಿ ಹೋದರು. 1954ರ ನವೆಂಬರಿನಲ್ಲಿ, ಈ ದಿಬ್ಬದ ಬಗ್ಗೆ ಬೇರೆ ಹಡಗುಗಳಿಗೆ ಎಚ್ಚರಿಕೆ ಕೊಡಲೆಂದೇ ಲಂಗರು ಹಾಕಿ ನಿಲ್ಲಿಸಿದ್ದ ದೀಪದ ಹಡಗೇ ಸರಪಳಿ ಕಿತ್ತುಕೊಂಡು ಬಂದು ದಿಬ್ಬಕ್ಕೆ ಬಿತ್ತು. ಏಳು ಸಿಬ್ಬಂದಿ ಸತ್ತರು. ಹಕ್ಕಿಗಳ ಓಡಾಟ ಗಮನಿಸಲು ಬಂದು ಹಡಗಿನಲ್ಲಿ ಉಳಿದಿದ್ದ ಒಬ್ಬ ಮಾತ್ರ ಬದುಕಿದ.

ಹಾಗಾದರೆ ಇಂಥ ದಿಬ್ಬವನ್ನು ಅಗೆದು ಹಾಕಿದರೆ ಒಳ್ಳೆಯದೇ ಅಲ್ವಾ? ಡೀಲ್‌ನವರು ಹಾಗೆ ನೋಡುವುದಿಲ್ಲ. ದಿಬ್ಬ ಮತ್ತು ದಂಡೆಯ ನಡುವಿನ ನೀರಿಗೆ 'ಡೌನ್ಸ್' ಎಂದು ಹೆಸರು. ಹಾಯಿ ಹಡಗುಗಳ ಕಾಲದಲ್ಲಿ ಗಾಳಿ ತಿರುಗುವ ತನಕ ನೂರಾರು ಹಡಗು ಅಲ್ಲಿ ಕಾಯುತ್ತಿದ್ದವು. ಯಾಕೆಂದರೆ ಹೊರಗಿನ ದೊಡ್ಡ ಅಲೆಯನ್ನು ದಿಬ್ಬ ತಾನೇ ತಿಂದುಬಿಡುತ್ತದೆ, ಒಳಗಿನ ನೀರು ಅಷ್ಟರ ಮಟ್ಟಿಗೆ ಸಮಾಧಾನವಾಗಿರುತ್ತದೆ. ಡೀಲ್ ಬೆಳೆದದ್ದೇ ಆ ಹಡಗುಗಳಿಗೆ ನೀರು, ತರಕಾರಿ, ಹಗ್ಗ, ಲಂಗರು ಒದಗಿಸಿ. ಹಡಗು ಒಡೆದಾಗ ದೋಣಿ ಇಳಿಸಿ ಜನರನ್ನು ಎಳೆದು ತಂದವರೂ ಅವರೇ. ಕೊಲ್ಲುವುದೂ ದಿಬ್ಬವೇ, ಕಾಯುವುದೂ ದಿಬ್ಬವೇ. ಆ ಊರವರ ಮಾತು ಅರ್ಥವಾಗಬೇಕಾದರೆ ಇದು ತಲೆಯಲ್ಲಿರಬೇಕು.

ಬಂದರಿನ ಲೆಕ್ಕ

ಬಂದರಿನವರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಆದರೆ ಅವರ ಲೆಕ್ಕದಲ್ಲೂ ಹುರುಳಿದೆ.

ಡೋವರ್ ಬಂದರು ಮಂಡಳಿ 1606ರಲ್ಲಿ ರಾಜಶಾಸನದಿಂದ ಹುಟ್ಟಿದ್ದು. ಅದು ಟ್ರಸ್ಟ್ ಬಂದರು. ಷೇರುದಾರರಿಲ್ಲ, ಬಂದ ಲಾಭ ಮತ್ತೆ ಬಂದರಿಗೇ ಹೋಗಬೇಕು. ಫ್ರಾನ್ಸ್ ಅಲ್ಲಿಂದ ಕೇವಲ 33 ಕಿ.ಮೀ. ಹಾಗಾಗಿ ಫೆರಿಗಳೂ ಅವುಗಳಿಗೆ ಹತ್ತುವ ಲಾರಿಗಳೂ ದಿನವಿಡೀ ಕಿಕ್ಕಿರಿದಿರುತ್ತವೆ. ಪೂರ್ವದ ಧಕ್ಕೆಯಲ್ಲಿ ಫೆರಿ ಜೊತೆಗೆ ಸರಕಿನ ಕೆಲಸವೂ ನಡೆಯುತ್ತಿತ್ತು. ಸರಕನ್ನು ಪಶ್ಚಿಮದ ಧಕ್ಕೆಗೆ ಸಾಗಿಸಿದರೆ ಪೂರ್ವದಲ್ಲಿ ಫೆರಿಗೆ ಜಾಗವಾಗುತ್ತದೆ. ಪಶ್ಚಿಮದಲ್ಲಿ ಹೊಸ ಸರಕು ಟರ್ಮಿನಲ್, ಹೊಸ ಮರೀನಾ, ಅಂದರೆ ಮೋಜಿನ ದೋಣಿಗಳ ತಂಗುದಾಣ, ಜೊತೆಗೆ ಒಂದಷ್ಟು ಜನಕ್ಕೆ ಕೆಲಸ. ಸುಮಾರು 25 ಕೋಟಿ ಪೌಂಡಿನ ಯೋಜನೆ. ಊರಿನಲ್ಲಿ ಇದಕ್ಕೆ ಬೆಂಬಲವೂ ಇತ್ತು. ದಿಬ್ಬದ ಪರ ನಿಂತವರಲ್ಲೂ ಬಂದರೇ ಬೇಡ ಅಂದವರು ಕಡಿಮೆ. ಮರಳು ಬೇರೆ ಕಡೆಯಿಂದ ತನ್ನಿ ಅನ್ನುವುದು ಅವರ ಮಾತಾಗಿತ್ತು.

ಹೊಸ ಟರ್ಮಿನಲ್ ನಿಲ್ಲಬೇಕಾದರೆ ನೀರಿದ್ದ ಕಡೆ ನೆಲ ಮಾಡಬೇಕು. ಹಳೆಯ ಹಡಗುಕಟ್ಟೆಗಳನ್ನು ತುಂಬಿಸಬೇಕು. ಅದಕ್ಕೆ ಕೆಸರು ಆಗುವುದಿಲ್ಲ. ಕೆಸರು ನೀರು ಬಿಡುವುದಿಲ್ಲ, ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ನೀರು ಬೇಗ ಬಸಿದು ಗಟ್ಟಿಯಾಗಿ ಕೂರುವ ಮರಳೇ ಬೇಕು.

ಮರಳಿನ ಬೆಲೆ ಅಂದಾಗ ನಾವು ಮರಳಿಗೆ ಬೆಲೆ ಅಂದುಕೊಳ್ಳುತ್ತೇವೆ. ಕಡಲ ಮರಳಿನ ಮಟ್ಟಿಗೆ ನಿಜವಾದ ಬೆಲೆ ಇರುವುದು ಹಡಗಿನ ಸಮಯಕ್ಕೆ. ಮರಳೆತ್ತುವ ಹಡಗು ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ, ನಿಧಾನಕ್ಕೆ ಸಾಗುತ್ತಾ, ಮರಳು ಮತ್ತು ನೀರನ್ನು ಒಟ್ಟಿಗೆ ಹೀರಿ ಹೊಟ್ಟೆಗೆ ತುಂಬಿಸಿಕೊಳ್ಳುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ನೆನಪಿಸಿಕೊಳ್ಳಿ. ಮರಳು ಕೆಳಗೆ ಕೂರುತ್ತದೆ, ಹೆಚ್ಚಾದ ನೀರು ನುಣುಪು ಮಣ್ಣಿನ ಸಮೇತ ಮತ್ತೆ ಕಡಲಿಗೆ ಚೆಲ್ಲುತ್ತದೆ. ತುಂಬಿಸಲು ಹೆಚ್ಚು ಹೊತ್ತು ಬೇಡ. ಹೊತ್ತು ಹೋಗುವುದು ಓಡಾಟಕ್ಕೆ. ದಿಬ್ಬ ಪಕ್ಕದಲ್ಲಿದ್ದರೆ ದಿನಕ್ಕೆ ಹಲವು ಸುತ್ತು, ದೂರವಿದ್ದರೆ ಒಂದೋ ಎರಡೋ. ಹಡಗಿನ ಬಾಡಿಗೆ ದಿನದ ಲೆಕ್ಕ. ಎಣ್ಣೆ ಖರ್ಚು ಬೇರೆ, ಹೊಗೆ ಬೇರೆ. ದೂರದಿಂದ ತಂದರೆ ಇಂಗಾಲದ ಹೊರೆ ಜಾಸ್ತಿ ಎಂಬ ವಾದವೂ ತಾನಾಗಿ ಹುಟ್ಟುತ್ತದೆ.

ಗುಡ್ವಿನ್ ಡೋವರಿನ ಪಕ್ಕದಲ್ಲೇ ಇದೆ. 1970ರಿಂದ 90ರ ದಶಕಗಳ ನಡುವೆ ಅಲ್ಲಿಂದ ಮರಳು ತೆಗೆದ ಉದಾಹರಣೆಯೂ ಇದೆ. ಹೀಗಿರುವಾಗ ಬಂದರಿನ ಎಂಜಿನಿಯರ್ ನಕ್ಷೆಯ ಮೇಲೆ ಬೆರಳಿಡುವುದು ಎಲ್ಲಿ? ಅಲ್ಲೇ.

ಇಲ್ಲಿ ಒಂದು ವಿಷಯ ಗಮನಿಸಿ. ಹತ್ತಿರದ ಮರಳಿನಿಂದ ಉಳಿಯುವ ಹಣ ಪೈಸೆ ಲೆಕ್ಕದಲ್ಲಿ ಕಾಗದದ ಮೇಲೆ ಬರುತ್ತದೆ. ಹತ್ತಿರದವರಿಗೆ ಆಗುವ ನಷ್ಟ 'ಸಾಧ್ಯತೆ' ಎಂಬ ಹೆಸರಿನಲ್ಲಿ ಬರುತ್ತದೆ. ಒಂದು ಅಂಕಿ, ಇನ್ನೊಂದು ಮಾತು. ತಕ್ಕಡಿಯಲ್ಲಿ ಯಾವುದು ತೂಗುತ್ತದೆ ಅಂತ ಹೇಳಬೇಕಿಲ್ಲ.

ಹಾಲ್‌ಸ್ಯಾಂಡ್ಸ್ ಎಂಬ ಊರಿತ್ತು

ಮರಳು ತೆಗೆದರೆ ನಮ್ಮ ದಂಡೆ ಕೊರೆಯುತ್ತದೆ ಎಂಬುದು ವಿರೋಧಿಗಳ ಮೊದಲ ಆತಂಕ. ಇಂಥ ಕಡೆ ಬಂದರಿನ ಕಡೆಯವರ ಉತ್ತರ ಸಾಮಾನ್ಯವಾಗಿ ಒಂದೇ: ಕಂಪ್ಯೂಟರ್ ಮಾದರಿಯಲ್ಲಿ ಅಲೆಗಳನ್ನು ಲೆಕ್ಕ ಹಾಕಿದ್ದೇವೆ, ದಂಡೆಯ ಹತ್ತಿರ ಆಗುವ ವ್ಯತ್ಯಾಸ ತೀರಾ ಕಡಿಮೆ, ಒಟ್ಟು ದಿಬ್ಬದ ಮುಂದೆ ನಾವು ತೆಗೆಯುವುದು ಚೂರು. ಗುಡ್ವಿನ್‌ನ ಗಾತ್ರ ನೋಡಿದರೆ ಇದರಲ್ಲಿ ಸುಳ್ಳಿಲ್ಲ. ನನ್ನ ಅಂದಾಜಿನಲ್ಲಿ ವಿರೋಧಿಗಳ ವಾದಗಳಲ್ಲಿ ಕಾಗದದ ಮೇಲೆ ಸಾಬೀತು ಮಾಡಲು ಕಷ್ಟವಾದದ್ದು ಇದೇ.

ಆದರೂ ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದೇ ದೇಶದ ಡೆವನ್ ಕರಾವಳಿಯಲ್ಲಿ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯಿತ್ತು. 37 ಮನೆ, ಒಂದು ಪಬ್. ಕಡಲಿಗೆ ಅಂಟಿಕೊಂಡ ಬಂಡೆಯ ಮೇಲೆ ಮನೆಗಳು, ಮುಂದೆ ಉರುಟು ಕಲ್ಲುಗಳ ಅಗಲವಾದ ದಂಡೆ. 1897ರಲ್ಲಿ ಪ್ಲಿಮತ್ ಹತ್ತಿರದ ಕೀಹ್ಯಾಮ್ ನೌಕಾ ಬಂದರಿನ ವಿಸ್ತರಣೆಗೆ ಕಾಂಕ್ರೀಟು ಬೇಕಾಯಿತು. ಊರಿನ ಎದುರಿನ ಕಡಲಿಂದ ಜಲ್ಲಿ ಮರಳು ಎತ್ತಲು ಸರಕಾರ ಒಪ್ಪಿಗೆ ಕೊಟ್ಟಿತು. ಮೀನುಗಾರರು ತಕರಾರು ತೆಗೆದರು. ವಿಚಾರಣೆ ನಡೆಯಿತು. ತೆಗೆದಷ್ಟನ್ನು ಕಡಲು ಮತ್ತೆ ತಂದು ತುಂಬುತ್ತದೆ, ಊರಿಗೆ ಅಪಾಯವಿಲ್ಲ ಅಂತ ತೀರ್ಮಾನವಾಯಿತು.

ಕಡಲು ತುಂಬಲಿಲ್ಲ. ಯಾಕೆಂದರೆ ಆ ಜಲ್ಲಿ ಯಾವ ನದಿಯೂ ದಿನಾ ತಂದು ಸುರಿಯುತ್ತಿದ್ದದ್ದಲ್ಲ. ಹಿಮಯುಗ ಮುಗಿದು ಸಮುದ್ರ ಏರಿದಾಗ ಒಮ್ಮೆ ಬಂದು ಬಿದ್ದದ್ದು. ಅದು ಸಂಬಳವಲ್ಲ, ಇಡುಗಂಟು. ತೆಗೆದರೆ ಹೋಯಿತು. ಸುಮಾರು ಆರೂವರೆ ಲಕ್ಷ ಟನ್ ಎತ್ತಿದ ಮೇಲೆ ದಂಡೆ ಎರಡು ಮೂರು ಮೀಟರ್ ಕೆಳಕ್ಕಿಳಿಯಿತು. ಅಲೆ ಮನೆಗಳ ಬುಡಕ್ಕೆ ಬಂತು. 1902ರ ಜನವರಿಯಲ್ಲಿ ಪರವಾನಗಿ ರದ್ದಾಯಿತು. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿತ್ತು. ಸ್ವಲ್ಪ ಕಾಲ ತಡೆಗೋಡೆ ಕಾಪಾಡಿತು. 1917ರ ಜನವರಿ 26ರ ರಾತ್ರಿ ಪೂರ್ವದ ಗಾಳಿ ಮತ್ತು ಭರತ ಒಟ್ಟಿಗೆ ಬಂದವು. ಯಾರೂ ಸಾಯಲಿಲ್ಲ. ಬಿರುಗಾಳಿ ಇಳಿದಾಗ ವಾಸ ಮಾಡಲು ಆಗುವಂಥ ಮನೆ ಉಳಿದದ್ದು ಒಂದೇ ಒಂದು.

ಗೋಡೆಗಳ ತುಂಡುಗಳು ಇವತ್ತಿಗೂ ಅಲ್ಲಿವೆ. ಗುಡ್ವಿನ್ ಮತ್ತು ಹಾಲ್‌ಸ್ಯಾಂಡ್ಸ್ ಒಂದೇ ಅಲ್ಲ. ಒಂದು ದಂಡೆಯ ಬುಡದ ಜಲ್ಲಿ, ಇನ್ನೊಂದು 10 ಕಿ.ಮೀ. ಆಚೆಯ ಮರಳು. ಒಂದು ನೂರು ವರ್ಷದ ಹಿಂದಿನ ಊಹೆ, ಇನ್ನೊಂದು ಕಂಪ್ಯೂಟರ್ ಲೆಕ್ಕ. ಹೋಲಿಕೆಯನ್ನು ಜಾಸ್ತಿ ಎಳೆಯಬಾರದು, ನಿಜ. ಆದರೆ 'ತಜ್ಞರು ನೋಡಿದ್ದಾರೆ, ಏನೂ ಆಗುವುದಿಲ್ಲ' ಎಂಬ ಮಾತನ್ನು ಕಡಲ ಬದಿಯವರು ಯಾಕೆ ಬೇಗ ನಂಬುವುದಿಲ್ಲ ಅಂತ ಕೇಳುವವರಿಗೆ ಆ ಗೋಡೆಗಳನ್ನು ತೋರಿಸಬಹುದು. ತಪ್ಪಿದ್ದರೆ ತೆರುವವರು ಯಾರು ಎಂಬುದು ಅಲ್ಲಿ ಕಲ್ಲಿನಲ್ಲೇ ಕಾಣುತ್ತದೆ. ಬಂದರು ಕಟ್ಟಿ ಮುಗಿದಿತ್ತು. ಮುಳುಗಿದ್ದು ಊರು.

ಸೀಲ್, ಹುಳು, ಸಣ್ಣ ಮೀನು

ಎರಡನೆಯ ವಾದ ಜೀವಿಗಳದ್ದು. ಇಳಿತದಲ್ಲಿ ಮೇಲೆ ಬರುವ ಮರಳಿನ ಬೆನ್ನಿನ ಮೇಲೆ ಬೂದು ಸೀಲ್‌ಗಳೂ ಸಾಮಾನ್ಯ ಸೀಲ್‌ಗಳೂ ಹಿಂಡುಗಟ್ಟಿ ಮಲಗುತ್ತವೆ. ಅವುಗಳ ಊಟದಲ್ಲಿ ಸ್ಯಾಂಡ್ ಈಲ್ ಎಂಬ ಬೆರಳು ಗಾತ್ರದ ಮೀನಿದೆ, ಅದರ ಬದುಕು ಮರಳಿನೊಳಗೆ. ಮರಳ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕೊಳವೆ ಮನೆ ಕಟ್ಟುವ ಹುಳುವಿದೆ, ಅದರ ಮನೆಗಳು ಸೇರಿ ದಂಡೆಯಂತಾಗಿ ಇನ್ನಷ್ಟು ಜೀವಿಗಳಿಗೆ ನೆಲೆ. ಮಸ್ಸೆಲ್ ಚಿಪ್ಪುಗಳ ಹಾಸಿದೆ. ಹೀರುವ ಕೊಳವೆಗೆ ಇವುಗಳಲ್ಲಿ ಭೇದವಿಲ್ಲ.

2019ರ ಮೇ ತಿಂಗಳ ಕೊನೆಯಲ್ಲಿ ಸರಕಾರವೇ ಗುಡ್ವಿನ್ ಸ್ಯಾಂಡ್ಸ್‌ನ ಸುಮಾರು 277 ಚದರ ಕಿ.ಮೀ.ಯನ್ನು ಕಡಲ ಸಂರಕ್ಷಣಾ ವಲಯ ಎಂದು ಘೋಷಿಸಿತು. ಸಂತೋಷ. ಆದರೆ ಮರಳೆತ್ತುವ ಪರವಾನಗಿ ಸಿಕ್ಕಿದ್ದು 2018ರ ಜುಲೈಯಲ್ಲಿ. ಮೊದಲು ಅಗೆಯಲು ಒಪ್ಪಿಗೆ, ಹತ್ತು ತಿಂಗಳ ಮೇಲೆ ಅದೇ ದಿಬ್ಬಕ್ಕೆ ರಕ್ಷಣೆ. ಮಗುವಿನ ಕೈಗೆ ಕತ್ತರಿ ಕೊಟ್ಟು ಆಮೇಲೆ ಬಟ್ಟೆ ಜೋಪಾನ ಅಂದ ಹಾಗೆ. ಎರಡು ಕಡತಗಳೂ ತಮ್ಮ ತಮ್ಮ ದಾರಿಯಲ್ಲಿ ಸರಿಯಾಗಿಯೇ ಸಾಗಿದ್ದವು. ಒಂದೇ ಜಾಗದ ಮೇಲೆ ಸಾಗುತ್ತಿದ್ದವು, ಅಷ್ಟೇ.

ಸತ್ತವರ ವಾದ

ಇನ್ನು ಮೂರನೆಯದು. ನಿಜಕ್ಕೂ ಜನರನ್ನು ಮುಟ್ಟಿದ್ದು ಇದೇ ಅನ್ನಿಸುತ್ತದೆ. ದಿಬ್ಬವನ್ನು ಅವರು ಸ್ಮಶಾನ ಅಂದರು.

ಹಡಗುಗಳ ಮಾತು ಬಂತು. ಎರಡನೇ ಮಹಾಯುದ್ಧದ ವಿಮಾನಗಳೂ ಇಲ್ಲಿವೆ. 1940ರ ಬೇಸಿಗೆಯಲ್ಲಿ ಬ್ರಿಟಿಷ್ ಮತ್ತು ಜರ್ಮನ್ ವಿಮಾನಗಳು ಈ ಕಡಲಿನ ಮೇಲೆಯೇ ಕಾದಾಡಿದವು. ಎಷ್ಟೋ ವಿಮಾನ ನೀರಿಗೆ ಬಿದ್ದವು. ಅವುಗಳಲ್ಲಿದ್ದ ಎಷ್ಟೋ ಹುಡುಗರು ಸಿಗಲೇ ಇಲ್ಲ. 2013ರ ಜೂನ್‌ನಲ್ಲಿ ಗುಡ್ವಿನ್‌ನಿಂದ ಒಂದು ಜರ್ಮನ್ ಡಾರ್ನಿಯರ್ ಬಾಂಬರ್ ವಿಮಾನವನ್ನು ಎತ್ತಿದರು. 1940ರ ಆಗಸ್ಟ್ 26ರಂದು ಬಿದ್ದದ್ದು. ಆ ಮಾದರಿಯ ವಿಮಾನ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ. ನಾಲ್ವರು ಸಿಬ್ಬಂದಿಯಲ್ಲಿ ಇಬ್ಬರು ಬದುಕಿ ಸೆರೆಯಾಗಿದ್ದರು, ಇಬ್ಬರು ಸತ್ತಿದ್ದರು. ಎಪ್ಪತ್ತು ವರ್ಷ ದಾಟಿದ ಮೇಲೂ ಅದು ಉಳಿದಿದ್ದಕ್ಕೆ ಮರಳೇ ಕಾರಣ.

ಬ್ರಿಟನ್ನಿನಲ್ಲಿ 1986ರ ಒಂದು ಕಾನೂನಿನ ಪ್ರಕಾರ ಸೇನಾ ಸೇವೆಯಲ್ಲಿದ್ದಾಗ ಬಿದ್ದ ವಿಮಾನಕ್ಕೆ ತನ್ನಷ್ಟಕ್ಕೆ ತಾನೇ ರಕ್ಷಣೆ ಸಿಗುತ್ತದೆ. ಯಾರೂ ಪಟ್ಟಿಗೆ ಸೇರಿಸಬೇಕಿಲ್ಲ. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ರಕ್ಷಣೆ ಇದೆ. ಒಪ್ಪಿಗೆ ಇಲ್ಲದೆ ಕೆದಕಿದರೆ ಅಪರಾಧ. ಈಗ ಯೋಚಿಸಿ. ಎಲ್ಲಿದೆ ಅಂತ ಗೊತ್ತಿಲ್ಲದ್ದನ್ನು ಕೆದಕದೆ ಅಗೆಯುವುದು ಹೇಗೆ?

ಇಂಥ ಯೋಜನೆಗಳಲ್ಲಿ ಉತ್ತರ ಹೀಗಿರುತ್ತದೆ. ಮೊದಲು ಸದ್ದಿನ ಅಲೆ ಬಿಟ್ಟು ನೋಡುವ ಸೋನಾರ್ ಮತ್ತು ಮ್ಯಾಗ್ನೆಟೋಮೀಟರ್ ಹಾಕಿ ತಳವನ್ನು ಜಾಲಾಡುತ್ತೇವೆ. ಅನುಮಾನ ಬಂದ ಕಡೆ ಸುತ್ತಲೂ ಗೆರೆ ಎಳೆದು ಅಲ್ಲಿ ಅಗೆಯುವುದಿಲ್ಲ. ಅಗೆಯುವಾಗ ಕೊಳವೆಗೆ ಏನಾದರೂ ಸಿಕ್ಕಿದರೆ ನಿಲ್ಲಿಸಿ ಪುರಾತತ್ವದವರಿಗೆ ತಿಳಿಸುತ್ತೇವೆ. ಓದಿದರೆ ಅಚ್ಚುಕಟ್ಟು. ತೊಡಕು ಎರಡು ಕಡೆ ಇದೆ. ಮ್ಯಾಗ್ನೆಟೋಮೀಟರ್ ಹುಡುಕುವುದು ಕಬ್ಬಿಣವನ್ನು, ವಿಮಾನದ ಮೈ ಅಲ್ಯೂಮಿನಿಯಂ. ಎಂಜಿನಿನ ಉಕ್ಕು ಸಿಕ್ಕೀತು, ರೆಕ್ಕೆ ಸಿಗುವುದು ಕಷ್ಟ. ಮನುಷ್ಯನ ಮೂಳೆಗಂತೂ ಯಾವ ಯಂತ್ರವೂ ಗಂಟೆ ಬಾರಿಸುವುದಿಲ್ಲ. ಎರಡನೆಯದು ದಿಬ್ಬದ್ದೇ ಗುಣ. ಅದು ನಿಂತಲ್ಲಿ ನಿಲ್ಲುವುದಿಲ್ಲ. ಇವತ್ತು ಮುಚ್ಚಿದ್ದನ್ನು ನಾಳೆ ತೆರೆಯುತ್ತದೆ, ತೆರೆದದ್ದನ್ನು ಮತ್ತೆ ಮುಚ್ಚುತ್ತದೆ. ಈ ವರ್ಷದ ಸರ್ವೆ ಮುಂದಿನ ವರ್ಷಕ್ಕೆ ಹಳತು.

1703ರಲ್ಲಿ ಮುಳುಗಿದ ಸ್ಟರ್ಲಿಂಗ್ ಕ್ಯಾಸಲ್ ಎಂಬ ಯುದ್ಧ ಹಡಗಿನ ಕತೆ ಇದನ್ನು ಚೆನ್ನಾಗಿ ಹೇಳುತ್ತದೆ. 1979ರಲ್ಲಿ ಮರಳು ಸರಿದಾಗ ಮುಳುಗುಗಾರರಿಗೆ ಅದು ಸಿಕ್ಕಿತು. ಅಚ್ಚರಿಯಾಗುವಷ್ಟು ಗಟ್ಟಿಯಾಗಿತ್ತು, ಒಳಗಿನ ಸಾಮಾನು ಸಮೇತ. ಮರಳಿನ ಹೊದಿಕೆ ಹೋದ ಮೇಲೆ ಅದೇ ಹಡಗು ಸವೆಯತೊಡಗಿತು. ಮರಕೊರೆಯುವ ಹುಳು, ಅಲೆ, ಉಪ್ಪು ನೀರು. ಇನ್ನೂರ ಎಪ್ಪತ್ತೈದು ವರ್ಷ ಕಾಪಾಡಿದ್ದು ಮರಳು. ವಸ್ತು ಸಿಕ್ಕಿದ ಕೂಡಲೇ ಪಕ್ಕಕ್ಕೆ ಸರಿದು ಅಗೆಯುತ್ತೇವೆ ಅನ್ನುವಾಗ ಇದನ್ನು ಮರೆಯುತ್ತೇವೆ. ಪಕ್ಕದ ಮರಳೂ ಆ ವಸ್ತುವಿನ ಪೆಟ್ಟಿಗೆಯೇ.

ಈ ವಾದವನ್ನು 'ಭಾವುಕತೆ' ಅಂದು ತಳ್ಳಿದವರಿದ್ದಾರೆ. ಭಾವುಕತೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗೋರಿಯನ್ನು ಅಗೆಯಬಾರದು ಎಂಬುದಕ್ಕೆ ನೆಲದ ಮೇಲೆ ಯಾರೂ ಕಾರಣ ಕೇಳುವುದಿಲ್ಲ. ಹತ್ತು ಮೀಟರ್ ನೀರು ಮೇಲೆ ಬಂದ ಕೂಡಲೇ ಕಾರಣ ಕೇಳುತ್ತೇವೆ.

ಪರವಾನಗಿ ಕೇಳದ ಪ್ರಶ್ನೆ

ಇಂಗ್ಲೆಂಡಿನಲ್ಲಿ ತೀರದಿಂದ 12 ನಾಟಿಕಲ್ ಮೈಲಿವರೆಗಿನ ಕಡಲ ತಳ ಬಹುಪಾಲು ಕ್ರೌನ್ ಎಸ್ಟೇಟ್‌ನದು. ರಾಜಮನೆತನದ ಹೆಸರಿನ ಆಸ್ತಿ, ಲಾಭ ಖಜಾನೆಗೆ. ಮರಳು ಬೇಕಾದವರು ಅವರೊಡನೆ ಒಪ್ಪಂದ ಮಾಡಿಕೊಂಡು ಹಣ ಕಟ್ಟಬೇಕು. ಅಗೆಯಲು ಒಪ್ಪಿಗೆ ಕೊಡುವುದು ಕಡಲ ನಿರ್ವಹಣಾ ಸಂಸ್ಥೆ, 2009ರ ಕಾನೂನಿನಿಂದ ಹುಟ್ಟಿದ್ದು. ಪುರಾತತ್ವಕ್ಕೆ, ನಿಸರ್ಗಕ್ಕೆ ಬೇರೆ ಬೇರೆ ಸಲಹೆಗಾರ ಸಂಸ್ಥೆಗಳಿವೆ. ಸಾರ್ವಜನಿಕರು ಆಕ್ಷೇಪಣೆ ಬರೆಯಬಹುದು. ವ್ಯವಸ್ಥೆ ಕೆಟ್ಟದ್ದೇನಲ್ಲ.

ಆದರೆ ಅದು ಕೇಳುವ ಪ್ರಶ್ನೆ ನೋಡಿ. ಈ ಅರ್ಜಿಯಿಂದ ಏನು ಹಾನಿ? ಅದನ್ನು ತಗ್ಗಿಸಬಹುದೇ? ತಗ್ಗಿಸಲು ಯಾವ ಷರತ್ತು? ಅರ್ಜಿ ಬಂದ ಜಾಗದಿಂದಲೇ ಮಾತು ಶುರು. ಊರವರು ಕೇಳುವುದು ಅದಕ್ಕೂ ಹಿಂದಿನದು: ಇಲ್ಲೇ ಯಾಕೆ? ಬೇರೆ ಜಾಗಗಳನ್ನು ನೋಡಿದ್ದೀರಾ ಅಂತ ಅರ್ಜಿದಾರರನ್ನು ಕೇಳುವ ಕ್ರಮವಿದೆ, ನಿಜ. ನೋಡಿದ್ದೇವೆ, ದುಬಾರಿ, ಅನ್ನುವುದು ಸಾಮಾನ್ಯ ಉತ್ತರ. ದುಬಾರಿ ಯಾರಿಗೆ ಎಂದು ಮುಂದೆ ಕೇಳುವವರಿಲ್ಲ.

ಕೋರ್ಟಿನಲ್ಲೂ ಅದೇ. ಹೋರಾಟಗಾರರು ಜನರಿಂದ ಚಂದಾ ಎತ್ತಿ ಹೈಕೋರ್ಟಿನ ಕದ ತಟ್ಟಿದರು. ಆದರೆ ಇಂಥ ಪ್ರಕರಣದಲ್ಲಿ ಕೋರ್ಟು ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಅಂತ ತೂಗುವುದಿಲ್ಲ. ಕಾನೂನು ಹೇಳಿದ ಹೆಜ್ಜೆಗಳನ್ನು ಸಂಸ್ಥೆ ಸರಿಯಾಗಿ ಇಟ್ಟಿತೇ ಅಂತಷ್ಟೇ ನೋಡುತ್ತದೆ. ದಿಬ್ಬದ ಬಗ್ಗೆ ಹೊತ್ತಿದ ಜಗಳ ಹೀಗೆ ಕಾಗದದ ಬಗ್ಗೆ ಜಗಳವಾಗಿ ಮುಂದುವರಿಯುತ್ತದೆ. ಊರಿನ ಜನಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ಕಾಣಬೇಕಾದ್ದೇ.

ಪ್ರಶ್ನೆಯನ್ನು ಬೇರೆ ರೀತಿ ಕೇಳಬಹುದು ಅನ್ನುವುದಕ್ಕೆ ಉತ್ತರ ಸಮುದ್ರದ ಇನ್ನೊಂದು ದಡದಲ್ಲಿ ಉದಾಹರಣೆಯಿದೆ. ರಾಟರ್‌ಡ್ಯಾಮ್ ಬಂದರು 2008ರಿಂದ 2013ರ ತನಕ ಮಾಸ್‌ಫ್ಲಾಕ್ಟೆ 2 ಎಂಬ ವಿಸ್ತರಣೆಗೆ ಸುಮಾರು 24 ಕೋಟಿ ಘನ ಮೀಟರ್ ಮರಳು ಸುರಿಯಿತು. ಡೋವರ್ ಅದರ ಮುಂದೆ ಒಂದು ಚಮಚ. ಆದರೆ ಡಚ್ಚರಲ್ಲಿ ಒಂದು ಗೆರೆಯಿದೆ: ಸಾಮಾನ್ಯವಾಗಿ 20 ಮೀಟರ್ ಆಳದ ಗೆರೆಯ ಆಚೆಯೇ ಮರಳೆತ್ತಬೇಕು. ಈಚಿನ ಮರಳು ದಂಡೆಯ ಕಾವಲಿಗೆ. ಬಂದರು ಬಂದು ಕೇಳುವ ಮೊದಲೇ ಆ ಗೆರೆ ಅಲ್ಲಿತ್ತು. ಹಾಗಂತ ಅಲ್ಲಿ ಜಗಳ ಆಗಲಿಲ್ಲ ಅಂತಲ್ಲ. 2005ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಯೋಜನೆಯ ಮೊದಲ ನಿರ್ಧಾರವನ್ನೇ ಬದಿಗಿಟ್ಟಿತು. ಮತ್ತೆ ಅಧ್ಯಯನ, ಮತ್ತೆ ಮಾತುಕತೆ. ಕೊನೆಗೆ ಬಂದರಿನ ಜೊತೆಗೆ ಕಡಲಲ್ಲಿ ಸಾವಿರಾರು ಹೆಕ್ಟೇರ್ ಸಂರಕ್ಷಿತ ತಳವೂ, ದಂಡೆಯಲ್ಲಿ ಹೊಸ ಮರಳು ಗುಡ್ಡವೂ ಬಂದವು. ಬಂದರು ತಡವಾಯಿತು, ನಿಲ್ಲಲಿಲ್ಲ.

ಇಂಥ ಗೆರೆ ಎಲ್ಲೆಡೆ ಬೇಕಾದ ಕಾಲ ಬಂದಿದೆ. ಜಗತ್ತು ವರ್ಷಕ್ಕೆ ಸುಮಾರು 5000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ ಅನ್ನುವುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು. ಕಡಲಿಂದಲೇ 400ರಿಂದ 800 ಕೋಟಿ ಟನ್ ಎತ್ತುತ್ತಾರೆ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿತು. ಇಷ್ಟನ್ನೂ ತರಬೇಕಾದರೆ ಮೊದಲು ಕಣ್ಣಿಗೆ ಬೀಳುವುದು ಹತ್ತಿರದ ದಿಬ್ಬವೇ.

ಎಲ್ಲ ಊರೂ ಡೀಲ್ ಅಲ್ಲ

ಡೀಲ್‌ನವರಿಗೆ ವಕೀಲರು ಸಿಕ್ಕರು, ಪತ್ರಿಕೆಗಳು ಬರೆದವು, ಯುದ್ಧದ ನೆನಪು ಜೊತೆಗಿತ್ತು. 2020ರಲ್ಲಿ ಇಂಡೋನೇಷ್ಯಾದ ಸುಲವೇಸಿಯಲ್ಲಿ ಇದೇ ಜಗಳ ಬೇರೆ ಬಣ್ಣದಲ್ಲಿ ನಡೆಯಿತು. ಮಕಾಸ್ಸರ್‌ನ ಹೊಸ ಬಂದರಿಗೆ ನೆಲ ಮಾಡಲು 'ಕ್ವೀನ್ ಆಫ್ ದಿ ನೆದರ್ಲೆಂಡ್ಸ್' ಎಂಬ ದೈತ್ಯ ಡಚ್ ಹಡಗು ಕೊಡಿಂಗಾರೆಂಗ್ ದ್ವೀಪದ ಹತ್ತಿರ ಮರಳೆತ್ತಿತು. ದ್ವೀಪದವರು ಅಂಜಲ್ ಜಾತಿಯ ಮೀನು ಹಿಡಿಯುವ ಜಾಗ ಅದು, ಆ ಜಾಗಕ್ಕೆ ಅವರ ಬಾಯಲ್ಲಿ ಚೊಪ್ಪೊಂಗ್ ಎಂದು ಹೆಸರು. ನೀರು ಕದಡಿತು, ಮೀನು ದೂರ ಹೋಯಿತು, ಅಲೆ ಮೊದಲಿಗಿಂತ ಎತ್ತರವಾಯಿತು ಅನ್ನುವುದು ಅವರ ದೂರು. ಹಡಗಿನ ಕಂಪನಿ ಮತ್ತು ಸರಕಾರದವರು ಎಲ್ಲವೂ ಕಾನೂನಿನಂತೆ ನಡೆದಿದೆ ಅಂದರು. ಗಂಡಸರು ಸಣ್ಣ ದೋಣಿಗಳಲ್ಲಿ ಹೋಗಿ ಹಡಗಿಗೆ ಅಡ್ಡ ನಿಂತರು. ಹೆಂಗಸರು ನಗರಕ್ಕೆ ಹೋಗಿ ಬೀದಿಗಿಳಿದರು. ಪರಿಹಾರ ಅಂತ ಕೊಟ್ಟ ಹಣದ ಲಕೋಟೆಯನ್ನು ಹರಿದ ಒಬ್ಬ ಮೀನುಗಾರನ ಮೇಲೆ ಪೊಲೀಸ್ ಕೇಸು ಬಿತ್ತು, ನೋಟು ಹಾಳು ಮಾಡಿದ ಅಂತ. ಆ ವರ್ಷದ ಅಕ್ಟೋಬರಿನಲ್ಲಿ ಹಡಗು ಕೆಲಸ ಮುಗಿಸಿ ಹೊರಟಿತು.

1740ರ ಜನವರಿಯಲ್ಲಿ ಗುಡ್ವಿನ್ ದಿಬ್ಬಕ್ಕೆ ಬಡಿದು ಮುಳುಗಿದ ಹಡಗುಗಳಲ್ಲಿ ರೋಸ್‌ವೈಕ್ ಒಂದು. ಡಚ್ ಈಸ್ಟ್ ಇಂಡಿಯಾ ಕಂಪನಿಯದು. ಬೆಳ್ಳಿ ತುಂಬಿಕೊಂಡು ಬಟೇವಿಯಾಕ್ಕೆ, ಅಂದರೆ ಇವತ್ತಿನ ಜಕಾರ್ತಕ್ಕೆ ಹೊರಟಿತ್ತು. ಒಬ್ಬರೂ ಬದುಕಲಿಲ್ಲ. 2017 ಮತ್ತು 2018ರಲ್ಲಿ ಡಚ್ ಸರಕಾರದ ಪುರಾತತ್ವ ವಿಭಾಗ ಬ್ರಿಟಿಷರ ಜೊತೆ ಸೇರಿ ಅಲ್ಲಿ ಉತ್ಖನನ ನಡೆಸಿತು. ನೀರಿನೊಳಗೆ, ಮಬ್ಬು ಬೆಳಕಿನಲ್ಲಿ, ಪ್ರತಿ ವಸ್ತು ಎಲ್ಲಿ ಹೇಗೆ ಬಿದ್ದಿತ್ತು ಅಂತ ಗುರುತು ಹಾಕುತ್ತಾ ಮರಳನ್ನು ಸರಿಸಿದರು. ಎರಡು ವರ್ಷದ ಮೇಲೆ ಅದೇ ದೇಶದ ಹಡಗು ಚೊಪ್ಪೊಂಗ್‌ನ ಮೇಲೆ ಕೊಳವೆ ಇಳಿಸಿತು.